ಮಧ್ಯಾಹ್ನದ ಬುತ್ತಿಗೆ ಇಡಿಗಾಳು

ದತ್ತಜಯಂತಿಯ ದಿನಗಳಲ್ಲಿ ಹುಮನಾಬಾದಿನಿಂದ ಮಾಣಿಕನಗರದ ಕಡೆಗೆ ಹೋಗುವವರಿಗೆ ಹಿಂಗಾರಿ ಜೋಳವು ಆಳೆತ್ತರ ಬೆಳೆದು ತೆನೆ ಬಿಚ್ಚುತ್ತಿರುವ ನೋಟ ಕಾಣಸಿಗುತ್ತದೆ. ಶ್ರೀ ಮಾಣಿಕಪ್ರಭುಗಳು (1817-1865) 1845ರಲ್ಲಿ ನೆಲೆಗೊಳಿಸಿದ ಈ ಕ್ಷೇತ್ರದ ಜಾತ್ರೆಗೂ ಹೊಲದ ತೆನೆಗೂ ಪಂಚಾಂಗವೇ ನಂಟು ಬೆಳೆಸಿದಂತಿದೆ. ಜಯಂತಿಯ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಎಳ್ಳಮಾವಾಸ್ಯೆ. ಅಂದು ಬೀದರ ಜಿಲ್ಲೆಯ ಊರುಗಳು ಬರಿದಾಗಿ ಹೊಲಗಳು ತುಂಬುತ್ತವೆ. ಚರಗ ಚೆಲ್ಲಿದ ಬಳಿಕ ಭಜ್ಜಿ, ಅಂಬಲಿ, ರೊಟ್ಟಿಗಳ ಬುತ್ತಿ ಬಿಚ್ಚಲಾಗುತ್ತದೆ. ಭಜ್ಜಿಯೆಂದರೆ ಇಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿಯೆಂದು ದಕ್ಷಿಣದ ವಾಚಕರು ಭಾವಿಸಬಾರದು. ಹಸಿಗಾಳು, ಸೊಪ್ಪು, ಕಾಯಿಪಲ್ಯಗಳನ್ನು ಹತ್ತಾರು ಬಗೆಯಾಗಿ ಕೂಡಿಸಿ ಬೇಯಿಸಿದ ಮೇಲೋಗರವದು. ಮತ್ತೆ ಕೆಲವು ದಿನಗಳಲ್ಲಿ ಹಾಲುಗಾಳು ಬಲಿಯುವ ಹೊತ್ತಿಗೆ ಸೀತನಿಯ ಕಾಲ. ಗಡಿಯಾಚೆಯ ಮರಾಠಿಯಲ್ಲಿ ಇದೇ ಹುರ್ಡಾ. ಕೆಂಡದಲ್ಲಿ ಸುಟ್ಟ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಬಿಸಿಗಾಳನ್ನು ಶೇಂಗಾ ಹಿಂಡಿಯೊಡನೆ ಬಾಯಿಗೆಸೆದುಕೊಳ್ಳುವ ಸುಖವನ್ನು ಬಣ್ಣಿಸಲು ಹೊರಟರೆ ಲೇಖನ ಅಲ್ಲಿಯೇ ನಿಂತುಹೋದೀತು.

ನಮ್ಮ ಮಾತು ಬೇರೆ. ಆ ಕೆಲವು ವಾರಗಳಲ್ಲಿ ಜೋಳದ ಇಡಿಗಾಳನ್ನು ಇಷ್ಟು ಪ್ರೀತಿಯಿಂದ ತಿನ್ನುವ ಜನ ಉಳಿದ ಹನ್ನೊಂದು ತಿಂಗಳು ಅದನ್ನು ಮಧ್ಯಾಹ್ನದ ಬುತ್ತಿಯಿಂದ ಹೊರಗಿಟ್ಟಿರುವುದೇಕೆ? ಕಾಲೇಜಿನ ಮಕ್ಕಳು ತರುವ ಡಬ್ಬಿಗಳಲ್ಲಿ ಈಗ ಬಹುಮಟ್ಟಿಗೆ ಕಾಣುವುದು ಒಗ್ಗರಣೆ ಹಾಕಿದ ಬಿಳಿ ಅನ್ನ ಅಥವಾ ಮೈದಾಹಿಟ್ಟಿನ ಯಾವುದೋ ಪೊಟ್ಟಣದ ತಿನಿಸು. ಎರಡು ಗಂಟೆಯ ತರಗತಿಯಲ್ಲಿ ಭೌತಶಾಸ್ತ್ರ ಹೇಳಬೇಕಾದ ನಮಗೆ ಇದರ ಫಲ ಪ್ರತಿದಿನ ಕಣ್ಣಿಗೆ ಬೀಳುತ್ತದೆ: ಮೊದಲು ತೂಕಡಿಕೆ, ನಾಲ್ಕು ಗಂಟೆಗೆ ಮತ್ತೆ ಹಸಿವು. ತೂಕಡಿಕೆಗೆ ಪಾಠವೂ ಭಾಗಶಃ ಕಾರಣವಿದ್ದೀತು, ಹಸಿವಿಗಂತೂ ಅಲ್ಲ.

ಇತ್ತ ಬೆಂಗಳೂರು ಹೈದರಾಬಾದುಗಳ ಉಪಾಹಾರಗೃಹಗಳಲ್ಲಿ ಇಡಿಗಾಳಿನ ಸಾಲಡ್ ಎಂಬ ಹೆಸರಿನಲ್ಲಿ ಬೆಂದ ಧಾನ್ಯ, ಹಸಿ ತರಕಾರಿ, ನಿಂಬೆರಸಗಳ ಬಟ್ಟಲೊಂದು ಮಾರಾಟವಾಗುತ್ತಿದೆ. ಧಾನ್ಯ ಹೆಚ್ಚಾಗಿ ದಕ್ಷಿಣ ಅಮೆರಿಕದ ಕ್ವಿನೋವಾ. ಬೆಲೆ ನಮ್ಮ ಕಡೆಯ ಒಂದು ಮನೆಯ ದಿನದ ಊಟದ ಖರ್ಚಿಗೆ ಸಮೀಪ. ಇದನ್ನು ಹಳಿಯುವ ಇಚ್ಛೆ ನಮಗಿಲ್ಲ. ಲೆಬನಾನ್ ಸಿರಿಯಾಗಳ ಜನ ಬೇಯಿಸಿ ಒಣಗಿಸಿ ಒಡೆದ ಗೋಧಿಗೆ ಸೊಪ್ಪು, ನಿಂಬೆ, ಎಣ್ಣೆ ಕೂಡಿಸಿ ತಬೂಲೆ ಎಂಬ ಇಂಥದೇ ಭಕ್ಷ್ಯವನ್ನು ಬಹುಕಾಲದಿಂದ ಉಣ್ಣುತ್ತಿದ್ದಾರೆ. ವಿಶ್ವಸಂಸ್ಥೆಯು 2013ನ್ನು ಕ್ವಿನೋವಾದ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿತು. ಎರಡನೆಯದರಲ್ಲಿ ಜೋಳವೂ ಸೇರಿತ್ತು. ನಾವು ಹೇಳುವುದಿಷ್ಟೇ: ಆ ಬಟ್ಟಲಿಗೆ ಬೇಕಾದ ಪ್ರತಿಯೊಂದು ಪದಾರ್ಥವೂ ನಮ್ಮ ಹೊಲದಲ್ಲಿದೆ, ಅದರ ಎರಡು ಅರ್ಧಗಳಿಗೂ ನಮ್ಮಲ್ಲಿ ಹೆಸರಿದೆ. ಬೇಯಿಸಿದ ಇಡಿಗಾಳು ಗುಗ್ಗರಿ; ಹೆಚ್ಚಿದ ಹಸಿ ತರಕಾರಿ, ಸೊಪ್ಪುಗಳ ಕಲಸು ಪಚಡಿ. ಗುಗ್ಗರಿಯೂ ಪಚಡಿಯೂ ಒಂದೇ ಡಬ್ಬಿಯಲ್ಲಿ ಕೂಡಬೇಕಾಗಿದೆ.

ಜೋಳ ಬುತ್ತಿಯಿಂದ ಹೊರಬಿದ್ದುದಕ್ಕೆ ಕಾರಣಗಳನ್ನು ಹೇಳುವವರು ಬಹಳ. ಮುಂಗಾರಿನ ಹೊಲಗಳನ್ನು ಸೋಯಾ ಅವರೆ ಮತ್ತು ಕಬ್ಬು ಆಕ್ರಮಿಸಿದುವು ಎನ್ನುವರು, ನಿಜ. 2013ರಿಂದ ಅನ್ನಭಾಗ್ಯದ ಅಕ್ಕಿ ಮನೆಮನೆಗೆ ಬಂತು ಎನ್ನುವರು. ಅದೂ ನಿಜ, ಮತ್ತು ಹಸಿದವರಿಗೆ ಅದರಿಂದ ಉಪಕಾರವೇ ಆಯಿತು. ಆದರೆ ಇವೆರಡಕ್ಕಿಂತ ದೊಡ್ಡ ಕಾರಣವನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಸಭೆಗಳಲ್ಲಿ ಮಾತನಾಡುವವರು ರೊಟ್ಟಿ ಬಡಿಯುವುದಿಲ್ಲ. ಗೋಧಿಹಿಟ್ಟಿನಲ್ಲಿರುವ ಹಿಗ್ಗುವ ಅಂಟು ಜೋಳದಲ್ಲಿಲ್ಲ. ಆದುದರಿಂದಲೇ ಹೆಣ್ಣುಮಕ್ಕಳು ಎಸರಿಟ್ಟು, ಕುದಿನೀರನ್ನು ಹಿಟ್ಟಿಗೆ ಸುರಿದು, ಪಿಷ್ಟದ ಒಂದು ಪಾಲನ್ನು ಅಲ್ಲಿಯೇ ಬೇಯಿಸಿ ಜಿಗುಟು ಬರಿಸಿಕೊಳ್ಳುತ್ತಾರೆ. ಅದು ಆರುವ ಮುನ್ನ ನಾದಿ, ಬಡಿದು, ಹೆಂಚಿಗೆ ಹಾಕಿ, ನೀರು ಸವರಿ ತಿರುವಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಆದ್ದರಿಂದ ಗಿರಣಿಗೆ ಮತ್ತೆಮತ್ತೆ ಹೋಗಬೇಕು. ಆರು ಜನರ ಮನೆಗೆ ಬೆಳಗಿನ ಜಾವದಲ್ಲಿ ಇಷ್ಟು ಕೆಲಸ, ಅದೂ ಬೆಂಕಿಯ ಮುಂದೆ. ಕೆಲಸಕ್ಕೆ ಹೋಗುವ ಹೆಣ್ಣುಮಗಳು ಕುಕ್ಕರಿನಲ್ಲಿ ಅಕ್ಕಿ ಇಟ್ಟು ಹೊರಟರೆ ಅವಳನ್ನು ಸಂಪ್ರದಾಯಭ್ರಷ್ಟಳೆನ್ನುವುದು ಅನ್ಯಾಯ. ಜೋಳ ಬಿಟ್ಟವರನ್ನು ಬಯ್ಯುವ ಮಹನೀಯರು ಮೊದಲು ಒಂದು ವಾರ ತಾವೇ ರೊಟ್ಟಿ ಬಡಿದು ನೋಡಲಿ.

ರೊಟ್ಟಿ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಜೋಳವೆಂದರೆ ರೊಟ್ಟಿಯೊಂದೇ ಎಂಬ ಭಾವನೆ ಬಿಡಬೇಕೆನ್ನುತ್ತೇವೆ. ಇಡಿಗಾಳಿಗೆ ಗಿರಣಿ ಬೇಡ, ನಾದುವುದು ಬೇಡ, ಬಡಿಯುವ ಕೈಚಳಕ ಬೇಡ. ಬೇಕಾದುದು ಕಾಲ ಮತ್ತು ಶಾಖ. ಕಾಲವನ್ನು ರಾತ್ರಿಯೇ ಪುಕ್ಕಟೆ ಒದಗಿಸುತ್ತದೆ, ಶಾಖವನ್ನು ಉಳಿಸುವ ದಾರಿಯನ್ನು ಭೌತಶಾಸ್ತ್ರ ಹೇಳಿಕೊಡುತ್ತದೆ.

ಕಾಳಿನೊಳಕ್ಕೆ ನೀರು ಹೋಗುವುದು ವಿಸರಣದಿಂದ, ಅಂದರೆ ಅಣುಗಳು ತಾವೇ ಅಲೆದಾಡುತ್ತ ದಟ್ಟಣೆಯಿಂದ ವಿರಳತೆಯ ಕಡೆಗೆ ಹರಡುವುದರಿಂದ. ಹೀಗೆ ಅಲೆಯುವ ಅಣುವು ಎರಡರಷ್ಟು ದೂರ ಹೋಗಲು ನಾಲ್ಕರಷ್ಟು ಕಾಲ ಹಿಡಿಯುತ್ತದೆ. ಕಾಲವು ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಜೋಳದ ಕಾಳು ಸುಮಾರು 4 ಮಿಲಿಮೀಟರು ದಪ್ಪ. ಅದನ್ನು ಅರ್ಧಕ್ಕೆ ಒಡೆದು ನುಚ್ಚು ಮಾಡಿದರೆ ಬೇಯುವ ಹೊತ್ತು ಕಾಲುಪಾಲಿಗೆ ಇಳಿಯುವುದು ಇದರಿಂದಲೇ. ನಮ್ಮ ಅಜ್ಜಿಯಂದಿರಿಗೆ ವರ್ಗನಿಯಮ ಗೊತ್ತಿರದಿದ್ದರೂ ನುಚ್ಚಿನ ಗಡಿಗೆಗೆ ಎಷ್ಟು ಉರಿ ಸಾಕೆಂಬುದು ಗೊತ್ತಿತ್ತು. ಇಡಿಗಾಳೇ ಬೇಕಾದರೆ ನೀರಿಗೆ ಮುಂಚಿತವಾಗಿ ಅವಕಾಶ ಕೊಡಬೇಕು. ರಾತ್ರಿ ತೊಳೆದು ಎಂಟು ಹತ್ತು ತಾಸು ನೆನೆಯಿಟ್ಟರೆ ಕಾಳು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ನೀರನ್ನು ಕುಡಿದಿರುತ್ತದೆ. ಆ ನೀರನ್ನು ಬೆಳಗ್ಗೆ ಚೆಲ್ಲಿ ಹೊಸ ನೀರು ಹಾಕಬೇಕು.

ಇನ್ನು ಶಾಖ. ಜೋಳದ ಪಿಷ್ಟವು ನೀರು ಹೀರಿ ಉಬ್ಬಿ ಮೆತ್ತಗಾಗುವುದು ಸುಮಾರು 68 ರಿಂದ 78 ಡಿಗ್ರಿ ಸೆಂಟಿಗ್ರೇಡಿನೊಳಗೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ನಮ್ಮ ಪ್ರಸ್ಥಭೂಮಿಯಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಬೇಕಾದುದಕ್ಕಿಂತ ಇಪ್ಪತ್ತು ಡಿಗ್ರಿ ಹೆಚ್ಚಾಗಿಯೇ ಇದೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಏರಿಸಿದರೂ ತೆರೆದ ಪಾತ್ರೆಯ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ. ಹೆಚ್ಚಿದ ಶಾಖವೆಲ್ಲ ಆವಿಯಾಗಿ ಮಾಡಿಗೆ ಏರುತ್ತದೆ. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 98ಕ್ಕೆ ಏರಿಸಲು 73 ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಮನ್ನು ಆವಿ ಮಾಡಲು 540 ಕ್ಯಾಲೊರಿ ಬೇಕು. ಏಳುಪಟ್ಟಿಗೂ ಮಿಕ್ಕು. ಕೊತಕೊತ ಕುದಿಸುವ ಗೃಹಿಣಿ ಸಿಲಿಂಡರಿನ ಅನಿಲದಿಂದ ಅಡುಗೆಮನೆಯ ಗೋಡೆಗೆ ಉಗಿಸ್ನಾನ ಮಾಡಿಸುತ್ತಾಳೆ, ಅಷ್ಟೇ.

ಆದುದರಿಂದ ನೆನೆದ ಕಾಳನ್ನು ಮುಚ್ಚಿದ ಪಾತ್ರೆಯಲ್ಲಿ ಕಾಲು ತಾಸು ಸಣ್ಣಗೆ ಕುದಿಸಿ, ಇಳಿಸಿ, ಮುಚ್ಚಳ ತೆಗೆಯದೆ ದಪ್ಪ ಕಂಬಳಿಯಲ್ಲಿ ಸುತ್ತಿ ಒಂದು ಬುಟ್ಟಿಯಲ್ಲಿಡಿರಿ. ಕಂಬಳಿ ಶಾಖವನ್ನು ಕೊಡುವುದಿಲ್ಲ; ಇರುವುದನ್ನು ಹೋಗಗೊಡುವುದಿಲ್ಲ. ಎರಡು ತಾಸಿನಲ್ಲಿ ಕಾಳು ತಾನಾಗಿ ಬೆಂದಿರುತ್ತದೆ. ಪಾತ್ರೆ ಚಿಕ್ಕದಾಗಿದ್ದರೆ ಈ ಉಪಾಯ ಅಷ್ಟಾಗಿ ಫಲಿಸದು, ಏಕೆಂದರೆ ಚಿಕ್ಕ ಪಾತ್ರೆ ತನ್ನ ಗಾತ್ರಕ್ಕೆ ಹೋಲಿಸಿದರೆ ಬೇಗ ಆರುತ್ತದೆ. ಮೂರು ಲೀಟರಿನದಾದರೆ ಒಳ್ಳೆಯದು. ಅಷ್ಟು ಕಾಯಲಾರದವರಿಗೆ ಕುಕ್ಕರು ಇದೆ. ಅದರೊಳಗೆ ಒತ್ತಡ ಹೊರಗಿನದರ ಸುಮಾರು ಎರಡರಷ್ಟಾಗಿ ನೀರು 120 ಡಿಗ್ರಿಯ ಸಮೀಪ ಕುದಿಯುತ್ತದೆ. ಮೊದಲ ಸೀಟಿಯ ಬಳಿಕ ಉರಿ ತಗ್ಗಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಸಾಕು. ಐದು ಸೀಟಿ, ಆರು ಸೀಟಿ ಎಂದು ಲೆಕ್ಕವಿಡುವ ಪದ್ಧತಿಯನ್ನು ನಾವು ಒಪ್ಪಲಾರೆವು. ಸೀಟಿಯು ಕಾಲದ ಮಾನವಲ್ಲ. ಉರಿ ದೊಡ್ಡದಾದರೆ ಅದೇ ಆರು ಸೀಟಿ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ, ಕಾಳು ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ಅವಶ್ಯವಾಗಿ ಹೇಳಬೇಕಾಗಿದೆ. ಮೊಳಕೆ ಬರಿಸಿದರೆ ಧಾನ್ಯದ ಗುಣ ಹೆಚ್ಚುವುದೆಂದು ಕೇಳಿದ ಉತ್ಸಾಹಿಗಳು ಜೋಳವನ್ನೂ ಮೊಳಕೆ ಬರಿಸಿ ಹಸಿಯಾಗಿ ತಿನ್ನಲು ಹೊರಟಾರು. ಕೂಡದು. ಜೋಳದ ಎಳೆಯ ಮೊಳಕೆಯಲ್ಲಿ ಧುರಿನ್ ಎಂಬ ಪದಾರ್ಥವು ಹೇರಳವಾಗಿರುತ್ತದೆ. ಅದು ಒಡೆದಾಗ ಹೈಡ್ರೋಸಯನಿಕ್ ಆಮ್ಲವೆಂಬ ಉಗ್ರ ವಿಷ ಹೊರಡುತ್ತದೆ. ಎಳೆಯ ಜೋಳದ ಪೈರನ್ನು ಮೇದ ದನಗಳು ಸಾಯುವುದನ್ನು ಬಲ್ಲ ರೈತರಿಗೆ ಇದನ್ನು ಹೇಳಬೇಕಾದುದಿಲ್ಲ, ಪಟ್ಟಣದವರಿಗೆ ಹೇಳಬೇಕು. ಬಲಿತ ಕಾಳಿನಲ್ಲಿ ಈ ಭಯವಿಲ್ಲ, ರಾತ್ರಿ ನೆನೆಯಿಡುವುದರಿಂದಲೂ ಇಲ್ಲ. ಮೊಳಕೆ ಬರಿಸುವುದಾದರೆ ಹೆಸರು, ಮಡಕಿ, ಕಡಲೆಗಳನ್ನು ಬರಿಸಿರಿ. ಅವನ್ನೂ ಐದು ನಿಮಿಷ ಹಬೆಯಲ್ಲಿಟ್ಟು ಬಳಸುವುದು ಕ್ಷೇಮ. ಬೆಚ್ಚಗೆ, ಒದ್ದೆಯಾಗಿ ಮೊಳಕೆಯೊಡೆಯುವ ಬಟ್ಟೆಗಂಟು ರೋಗಾಣುಗಳಿಗೂ ಹಿತವಾದ ನೆಲೆ.

ಕಾಳನ್ನು ಹೆಚ್ಚಿಸಿ ಉಳಿದುದನ್ನು ಕೈಬಿಡುವ ಪ್ರವೃತ್ತಿಯೂ ತಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ (ಪ್ರೋಟೀನೆಂದು ಈಗ ಎಲ್ಲರೂ ಕರೆಯುವುದು ಇದನ್ನೇ) ಸುಮಾರು 10 ಗ್ರಾಂ ನಾರೂ ಇವೆ. ಬಿಳಿ ಅಕ್ಕಿಯಲ್ಲಿ ಅವು ಸುಮಾರು 8 ಮತ್ತು 3. ಕಬ್ಬಿಣದ ಅಂಶ ಅಕ್ಕಿಗಿಂತ ಹಲವು ಪಟ್ಟು. ಇಷ್ಟಾದರೂ ಜೋಳವೊಂದನ್ನೇ ಉಂಡವರ ಕಥೆ ಸುಖದ್ದಲ್ಲ. ದಖ್ಖಣದ ಬಡ ಕೂಲಿಗಾರರಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರಾ ರೋಗ ಕಂಡುಬರುತ್ತಿತ್ತು. ಇದು ನಯಾಸಿನ್ ಎಂಬ ಜೀವಸತ್ವದ ಕೊರತೆಯ ರೋಗ. ಹೈದರಾಬಾದಿನ ಇದೇ ಸಂಸ್ಥೆಯಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ ಜೋಳದಲ್ಲಿ ಹೆಚ್ಚಾಗಿರುವ ಲೂಸಿನ್ ಎಂಬ ಅಂಶವನ್ನು ಇದಕ್ಕೆ ಹೊಣೆಯೆಂದು ಸೂಚಿಸಿದರು. ಆ ವಾದದ ಮೇಲೆ ಮುಂದೆ ಚರ್ಚೆ ನಡೆಯಿತು. ಆದರೆ ರೋಗಕ್ಕೆ ಈಡಾದವರು ತಟ್ಟೆಯಲ್ಲಿ ಜೋಳದ ಪಕ್ಕಕ್ಕೆ ಮತ್ತೇನೂ ಇಲ್ಲದವರು ಎಂಬುದರಲ್ಲಿ ಸಂದೇಹವಿಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಮೃದ್ಧ. ನಯಾಸಿನ್ ಶೇಂಗಾದಲ್ಲಿ ಧಾರಾಳ. ರೊಟ್ಟಿಯ ಜೊತೆ ಕಾಳುಪಲ್ಯವೂ ಶೇಂಗಾ ಹಿಂಡಿಯೂ ಇರಲೇಬೇಕೆಂಬ ನಮ್ಮ ಕಡೆಯ ಹಟವು ಬರಿಯ ನಾಲಗೆಯ ಚಪಲವಾಗಿರಲಿಲ್ಲ.

ನಾಲ್ವರ ಬುತ್ತಿಗೆ ನಮ್ಮ ಮನೆಯ ಅಳತೆಯನ್ನು ಕೊಡುತ್ತೇವೆ. ಬಿಳಿ ಹಿಂಗಾರಿ ಜೋಳ 300 ಗ್ರಾಂ. ಮಾಲ್ದಂಡಿ ಸಿಕ್ಕರೆ ಲೇಸು. ಇದೇ ಹೆದ್ದಾರಿಯ ಪಶ್ಚಿಮಕ್ಕೆ, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಅದರ ಎಂ 35-1 ತಳಿಯು ಇಂದಿಗೂ ಹಿಂಗಾರಿ ಬೆಳೆಗಾರರ ಮೆಚ್ಚಿನದು. ಹೆಸರು ಅಥವಾ ಮಡಕಿ 100 ಗ್ರಾಂ, ಹಿಂದಿನ ದಿನವೇ ಮೊಳಕೆಗೆ ಕಟ್ಟಿದ್ದು. ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ 60 ಗ್ರಾಂ. ಎರಡು ಉಳ್ಳಾಗಡ್ಡಿ, ಎರಡು ಸೌತೆಕಾಯಿ, ಒಂದು ಗಜ್ಜರಿ, ಎಳೆಯ ಮೂಲಂಗಿ ಎಲೆಸಹಿತ, ಒಂದು ಹಿಡಿ ಹಸಿ ಮೆಂತೆಸೊಪ್ಪು, ಹಕ್ಕರಕಿ ಸಿಗುವ ಕಾಲವಾದರೆ ಅದೂ. ಹಸಿಮೆಣಸಿನಕಾಯಿ, ಕೊತ್ತಂಬರಿ, ಎರಡು ನಿಂಬೆಹಣ್ಣು, ನಾಲ್ಕು ಚಹಾ ಚಮಚ ಕುಸುಬಿ ಎಣ್ಣೆ. ಬೆಂದ ಕಾಳನ್ನು ಬಸಿದು ಅಗಲವಾದ ತಾಟಿನಲ್ಲಿ ಹರಡಿ ಆರಗೊಡಬೇಕು. ಮೈಮೇಲಿನ ನೀರು ಆವಿಯಾಗಿ ಹೋಗುವಾಗ ಶಾಖವನ್ನೂ ಒಯ್ಯುವುದರಿಂದ ಕಾಳು ಬೇಗ ತಣಿಯುತ್ತದೆ, ಉದುರುದುರಾಗುತ್ತದೆ. ತಣಿದ ಮೇಲೆ ಮೊದಲು ಎಣ್ಣೆ ಸವರಿ ಅನಂತರ ಉಳಿದುದನ್ನು ಕೂಡಿಸಬೇಕು. ಉಪ್ಪನ್ನು ಮಾತ್ರ ಕಾಗದದಲ್ಲಿ ಬೇರೆ ಕಟ್ಟಿಕೊಂಡು ಹೋಗಿ ಉಣ್ಣುವಾಗ ಹಾಕಿಕೊಳ್ಳಿರಿ. ಮುಂಚೆಯೇ ಹಾಕಿದರೆ ಅದು ಸೌತೆಯ ಜೀವಕೋಶಗಳಿಂದ ನೀರನ್ನು ಸೆಳೆದು ಡಬ್ಬಿಯನ್ನು ಕೆರೆ ಮಾಡುತ್ತದೆ. ನಿಂಬೆ ರುಚಿಗಷ್ಟೇ ಅಲ್ಲ. ಧಾನ್ಯದ ಕಬ್ಬಿಣವನ್ನು ಫೈಟೇಟು ಎಂಬ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ನಿಂಬೆಯ ಸಿ ಜೀವಸತ್ವ ಅದನ್ನು ಮೈಗೂಡಲು ಬಿಡಿಸಿಕೊಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವವರು ಈ ಲಾಭವನ್ನು ಬಹಳಮಟ್ಟಿಗೆ ಕಳೆದುಕೊಳ್ಳುತ್ತಾರೆ.

ಇಷ್ಟನ್ನು ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಸುಮಾರು 480 ಕಿಲೋಕ್ಯಾಲೊರಿ, 17 ಗ್ರಾಂ ಸಸಾರಜನಕ, 15 ಗ್ರಾಂ ನಾರು ದೊರೆಯುತ್ತವೆಂದು ನಮ್ಮ ಲೆಕ್ಕ. ನಾರಿನ ಮಟ್ಟಿಗೆ ಇದು ದಿನದ ಅಗತ್ಯದ ಅರ್ಧದಷ್ಟು.

ಹೊಟ್ಟೆ ತುಂಬಿದಂತಿರುವುದಕ್ಕೆ ಕಾರಣ ಅಂಕಿಗಳಲ್ಲಿ ಮಾತ್ರವಿಲ್ಲ, ರೂಪದಲ್ಲಿಯೂ ಇದೆ. 1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸಂಶೋಧಕರು ಹತ್ತು ಮಂದಿಗೆ ಸೇಬನ್ನು ಇಡಿಯಾಗಿ, ನುಣ್ಣಗೆ ಅರೆದು, ರಸವಾಗಿ, ಹೀಗೆ ಮೂರು ಬಗೆಯಲ್ಲಿ ಕೊಟ್ಟು ನೋಡಿದರು. ಶರ್ಕರಪಿಷ್ಟ ಮೂರರಲ್ಲಿಯೂ ಸಮ. ಇಡಿಹಣ್ಣು ತಿಂದಾಗ ತೃಪ್ತಿ ಅತ್ಯಧಿಕ, ರಸದಿಂದ ಅತ್ಯಲ್ಪ. ಗಡಿಗೆಯಲ್ಲಿ ನೀರಿಗೆ ಅಡ್ಡಿಯಾದ ಅದೇ ವರ್ಗನಿಯಮ ಹೊಟ್ಟೆಯಲ್ಲಿ ಜೀರ್ಣರಸಗಳಿಗೂ ಅಡ್ಡಿಯಾಗುತ್ತದೆ: ಹಿಟ್ಟಿನ ಕಣದ ನಡುವಿಗೆ ತಟ್ಟನೆ ತಲುಪುವ ರಸ, ಅಗಿದರೂ ಅರೆಬರೆ ಉಳಿದ ಕಾಳಿನ ನಡುವಿಗೆ ನಿಧಾನವಾಗಿ ತಲುಪುತ್ತದೆ. ರಕ್ತಕ್ಕೆ ಸಕ್ಕರೆ ಒಮ್ಮೆಗೇ ನುಗ್ಗದೆ ಸಾವಕಾಶವಾಗಿ ಬರುತ್ತದೆ. ಬೆಂದು ತಣಿದ ಪಿಷ್ಟದ ಸರಪಳಿಗಳು ಮತ್ತೆ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಒಂದು ಸಣ್ಣ ಪಾಲು ನಾರಿನಂತೆಯೇ ಜೀರ್ಣವಾಗದೆ ಮುಂದೆ ಸಾಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಇಡಿಗಾಳನ್ನು ಬಲವಂತ ಮಾಡಬಾರದು. ಅವರಿಗೆ ನುಚ್ಚೇ ಸರಿ.

ತಣ್ಣನೆಯ ಊಟವೇ ಎಂದು ಮನೆಯ ಹಿರಿಯರು ಮೂಗು ಮುರಿಯುವರು. ಅವರ ಅಂಜಿಕೆಗೆ ಆಧಾರವಿಲ್ಲದಿಲ್ಲ. ಬೆಂದ ಧಾನ್ಯವನ್ನು ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಕುದಿಗೂ ಸಾಯದೆ ಉಳಿದ ಕೆಲವು ಬ್ಯಾಕ್ಟೀರಿಯಾಗಳು ಅದರಲ್ಲಿ ವಿಷ ಬೆಳೆಸುತ್ತವೆ. ಏಪ್ರಿಲ್ ಮೇ ತಿಂಗಳ ನಮ್ಮ 40 ಡಿಗ್ರಿ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಬೇಗ ತಣಿಸಿ, ಒಣಗಿದ ಡಬ್ಬಿಗೆ ತುಂಬಿ, ನಾಲ್ಕು ತಾಸಿನೊಳಗೆ ಉಂಡರೆ ಚಿಂತೆಯಿಲ್ಲ. ಬೇಸಿಗೆಯಲ್ಲಿ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಟ್ಟರೆ ಇನ್ನೂ ಒಳ್ಳೆಯದು.

ಗುಗ್ಗರಿ ಬಡವರ ಊಟ, ಬರಗಾಲದ ಊಟ ಎಂಬ ಇನ್ನೊಂದು ಆಕ್ಷೇಪಣೆ ಬಾಯಲ್ಲಿ ಬರದಿದ್ದರೂ ಮನಸ್ಸಿನಲ್ಲಿರುತ್ತದೆ. ಹುಡುಗರು ಡಬ್ಬಿಯ ಮುಚ್ಚಳವನ್ನು ಮರೆಮಾಡಿ ಉಣ್ಣುವುದನ್ನು ನಾವು ಕಂಡಿದ್ದೇವೆ. ಅದೇ ಕಾಳು ಪರದೇಶದ ಹೆಸರಿನಲ್ಲಿ ಬಂದರೆ ಮುಚ್ಚಳ ತಾನಾಗಿ ತೆರೆಯುತ್ತದೆ. ಭೌತಶಾಸ್ತ್ರದವರಿಗೆ ಅಡುಗೆಯ ಉಸಾಬರಿ ಏಕೆಂದು ಕೇಳುವವರಿಗಾದರೆ ಉತ್ತರ ಹತ್ತಿರದಲ್ಲಿಯೇ ಇದೆ. ಇಲ್ಲಿಂದ ಅನತಿದೂರದ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ಮಹಾಗ್ರಂಥ ರಚಿಸಿದಾಗ ರಾಜ್ಯಾಡಳಿತ, ಆನೆ ಕುದುರೆಗಳ ಜೊತೆಗೆ ಅನ್ನಭೋಗಕ್ಕೂ ಒಂದು ಭಾಗ ಮೀಸಲಿಟ್ಟನು. ಚಕ್ರವರ್ತಿಗೆ ಕಡಮೆಯೆನಿಸದ ವಿಷಯ ಉಪನ್ಯಾಸಕರಿಗೆ ಕಡಮೆಯಾದೀತೆ?

ಅದೇ ಕಲ್ಯಾಣದ ಶರಣರಿಂದ ಬೇರೂರಿದ ದಾಸೋಹವೆಂಬ ಮಾತನ್ನು ಹೊತ್ತ ಅಕ್ಷರ ದಾಸೋಹವು 2002ರ ಜೂನಿನಲ್ಲಿ ಬೀದರವೂ ಸೇರಿದಂತೆ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಆರಂಭವಾಯಿತು. ಮಕ್ಕಳ ತಟ್ಟೆಗೆ ಬರುವುದು ಮುಖ್ಯವಾಗಿ ಅನ್ನ ಮತ್ತು ಸಾಂಬಾರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ವಾರಕ್ಕೊಂದು ದಿನವಾದರೂ ಅಕ್ಕಿಯ ಬದಲು ಇಡಿ ಜೋಳವೋ ನುಚ್ಚೋ ಬೇಳೆಕಾಳಿನೊಡನೆ ಬರಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನೂರಾರು ಮಕ್ಕಳಿಗೆ ರೊಟ್ಟಿ ಬಡಿಯಿರೆಂದು ಅಡುಗೆಯವರಿಗೆ ಹೇಳಲಾಗದು. ನೆನೆಯಿಟ್ಟು ಬೇಯಿಸಿರೆಂದು ಹೇಳಬಹುದು. ದೊಡ್ಡ ಹಂಡೆ ತಾನೇ ತಾನಾಗಿ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮನೆಗಿಂತ ಶಾಲೆಯಲ್ಲಿಯೇ ಈ ಅಡುಗೆ ಅಗ್ಗ. ಕಲಿಯಲು ದೂರ ಹೋಗಬೇಕಾಗಿಯೂ ಇಲ್ಲ. ಹುಮನಾಬಾದಿನಿಂದ ಹೈದರಾಬಾದಿನ ದಾರಿ ಹಿಡಿದರೆ ಮೊದಲು ಜಹೀರಾಬಾದು. ಅದರ ಸಮೀಪದ ಹಳ್ಳಿಗಳಲ್ಲಿ ಮೈಸೂರಿನವರಾದ ಪಿ. ವಿ. ಸತೀಶರು (1945-2023) ಮತ್ತು ಗೆಳೆಯರು 1983ರಲ್ಲಿ ಸ್ಥಾಪಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬಡ ಹೆಣ್ಣುಮಕ್ಕಳ ಸಂಘಗಳು ಬೀಳು ಭೂಮಿಯಲ್ಲಿ ಜೋಳ, ಸಜ್ಜೆ, ನವಣೆಗಳನ್ನು ಕಾಳುಗಳೊಡನೆ ಬೆರೆಸಿ ಬೆಳೆದು ತೋರಿಸಿವೆ. ಅಲ್ಲಿಂದ ಮುಂದೆ ಪಟಾನ್‌ಚೆರುವಿನಲ್ಲಿ 1972ರಲ್ಲಿ ನೆಲೆಗೊಂಡ ಇಕ್ರಿಸ್ಯಾಟ್ ಇದೆ. ಲೋಕದ ಒಣಬೇಸಾಯದ ನಾಡುಗಳಿಗೆಲ್ಲ ಜೋಳದ ವಿದ್ಯೆಯನ್ನು ಹಂಚುವ ಸಂಸ್ಥೆಯದು. ಲೋಕವು ಜೋಳದ ವಿಚಾರ ತಿಳಿಯಲು ಬರುವ ಹೆದ್ದಾರಿಯ ಪಕ್ಕದಲ್ಲಿಯೇ ಕುಳಿತು ನಮ್ಮ ಮಕ್ಕಳು ಮೈದಾ ತಿನ್ನುತ್ತಿದ್ದಾರೆ.

ಒಂದು ಮಾತು ಉಳಿಯಿತು. ಕಾಳು ಬಸಿದ ನೀರನ್ನು ಚೆಲ್ಲಬೇಡಿರಿ. ಪಿಷ್ಟವೂ ಕರಗಿದ ಲವಣಗಳೂ ಅದರಲ್ಲಿರುತ್ತವೆ. ಚಳಿಗಾಲದಲ್ಲಿ ಬೆಳ್ಳುಳ್ಳಿ ಜೀರಿಗೆಯ ಒಗ್ಗರಣೆ ಕೊಟ್ಟರೆ ಒಳ್ಳೆಯ ಕಟ್ಟಿನ ಸಾರು. ಬೇಸಿಗೆಯಲ್ಲಿ ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿ, ಮಣ್ಣಿನ ಗಡಿಗೆಯಲ್ಲಿಟ್ಟರೆ ಸಾಯಂಕಾಲ ಕಾಲೇಜಿನಿಂದ ಬಂದವರಿಗೆ ಕುಡಿಯಲಾಗುತ್ತದೆ.